ಬಿಳಿಯ ಕಾಲರು

ಗಾಯವೊಂದು ಮಾಯುವುದನ್ನು ಕಣ್ಣಾರೆ ಕಾಣುವುದು ನಮ್ಮ ಮನೆಗಳಲ್ಲಿ ದೊಡ್ಡ ಸಂಗತಿಯೇನೂ ಅಲ್ಲ. ಈಳಿಗೆಮಣೆ ತಗುಲಿ ಬೆರಳು ಕೊಯ್ದುಕೊಂಡಾಗ ಅರಿಸಿನ ಮೆತ್ತಿ, ಹಳೆಯ ಪಂಚೆಯ ಚೂರೊಂದನ್ನು ಸುತ್ತುತ್ತೇವೆ. ಮೂರನೆಯ ದಿನ ಬಿಚ್ಚಿ ನೋಡುತ್ತೇವೆ. ಹಕ್ಕಳೆಗಟ್ಟಿದ್ದರೆ ‘ಸದ್ಯ, ಇನ್ನು ಭಯವಿಲ್ಲ’ ಎಂದುಕೊಳ್ಳುತ್ತೇವೆ. ವಾರ ಕಳೆಯುವಷ್ಟರಲ್ಲಿ ಹಕ್ಕಳೆ ಉದುರಿ, ಅದರಡಿಯಲ್ಲಿ ಎಳೆಯ ಚರ್ಮ ಇಣುಕುತ್ತದೆ. ವಾಸಿಯಾಯಿತೆಂಬುದಕ್ಕೆ ಕಣ್ಣೇ ಸಾಕ್ಷಿ, ಮುಟ್ಟಿ ನೋಡುವ ಬೆರಳೇ ಸಾಕ್ಷಿ. ಆದರೆ ಗಾಯವು ತಲೆಬುರುಡೆಯ ಒಳಗೆ, ಮೆದುಳಿನ ಬುಡದಲ್ಲಿ, ಅವರೆಕಾಳಿನಷ್ಟೇ ಗಾತ್ರದ್ದಾಗಿದ್ದರೆ? ಅದು ಮಾಯಿತೆಂದು ಹೇಳುವವರು ಯಾರು? ನೋವಿಲ್ಲ, ಕೀವಿಲ್ಲ, ಕಲೆಯಿಲ್ಲ. ಬಿಚ್ಚಿ ನೋಡಲು ಬಟ್ಟೆಯ ಸುತ್ತೂ ಇಲ್ಲ. ಅಂಥಲ್ಲಿ ನಮಗೆ ಸಾಕ್ಷಿ ಹೇಳಬೇಕಾದದ್ದು ಒಂದು ನೆರಳು.

ಈ ಪ್ರಶ್ನೆ ನಮ್ಮ ಮನೆಗೆ ಬಂದದ್ದು ೨೦೨೨ರ ಜನವರಿಯಲ್ಲಿ, ನನ್ನ ಅಕ್ಕನ ಮೂಲಕ. ಆಕೆಗೆ ಆಗ ಐವತ್ತೆರಡು ವರ್ಷ. ಬೆಳಗ್ಗೆ ತುಳಸಿಗೆ ನೀರೆರೆದು ಒಳಗೆ ಬರುತ್ತಿದ್ದವಳು, ‘ಅಯ್ಯೋ, ತಲೆಯೊಳಗೆ ಏನೋ ಸಿಡಿಯಿತು’ ಎನ್ನುತ್ತ ಹೊಸ್ತಿಲ ಮೇಲೆಯೇ ಕುಸಿದು ಕುಳಿತಳು. ಭಾವನವರು ತಡಮಾಡದೆ ಆಸ್ಪತ್ರೆಗೆ ಕರೆದೊಯ್ದರು. ಮೆದುಳಿನ ಸುತ್ತ ರಕ್ತ ಹರಡಿದೆಯೆಂದು ಅಲ್ಲಿ ತಿಳಿಯಿತು. ಮೆದುಳಿನ ಮುಂಭಾಗದ ಎರಡು ಧಮನಿಗಳನ್ನು ಒಂದಕ್ಕೊಂದು ಜೋಡಿಸುವ ಕಿರುನಾಳದ ಮೇಲೆ ಆರು ಮಿಲಿಮೀಟರಿನ ಗುಳ್ಳೆಯೊಂದು ಎದ್ದು, ಒಡೆದಿತ್ತು. ಮರುದಿನವೇ ಅದರೊಳಕ್ಕೆ ಪ್ಲಾಟಿನಂ ಸುರುಳಿಗಳನ್ನು ತುಂಬಿದರು. ಮೂರು ವಾರ ಆಸ್ಪತ್ರೆಯಲ್ಲಿದ್ದು ಅಕ್ಕ ಮನೆಗೆ ಬಂದಳು. ಆ ವರ್ಷದ ಯುಗಾದಿಗೆ ಬೇವುಬೆಲ್ಲವನ್ನು ತಾನೇ ಕಲಸಿ ಎಲ್ಲರ ಕೈಗೂ ಹಾಕಿದಳು.

ನೋಡುವವರ ಪಾಲಿಗೆ ಅಕ್ಕ ವಾಸಿಯಾಗಿದ್ದಳು. ಅವಳಿಗೆ ಮಾತ್ರ ನಂಬಿಕೆ ಹುಟ್ಟಲಿಲ್ಲ. ಹೂ ಕೊಯ್ಯಲು ಕತ್ತೆತ್ತಲು ಹೆದರುವಳು; ರಂಗೋಲಿಗೆ ಬಗ್ಗಲು ಹೆದರುವಳು; ಸೀನು ಬಂದರೆ ಎರಡು ಕೈಯಲ್ಲೂ ತಲೆಯನ್ನು ಹಿಡಿದುಕೊಳ್ಳುವಳು. ‘ಒಳಗೆ ಏನಾಗಿದೆಯೋ ಯಾರು ಕಂಡರು?’ ಎಂಬುದೇ ಅವಳ ಮಾತು. ಆ ಮಾತನ್ನು ಬರಿಯ ಅಂಜಿಕೆಯೆಂದು ತಳ್ಳಿಹಾಕುವಂತಿರಲಿಲ್ಲ. ಒಳಗೆ ಏನಾಗಿದೆಯೆಂದು ಕಾಣುವವರು ಯಾರು, ಕಾಣುವುದು ಹೇಗೆ ಎಂದು ತಿಳಿಯುವ ಹಂಬಲ ನನಗೂ ಹುಟ್ಟಿತು. ಹಾಗೆ ಓದಿ, ಕೇಳಿ, ಚಿತ್ರಗಳನ್ನು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೆದುಳಿನ ಬುಡದಲ್ಲಿ ಧಮನಿಗಳು ಒಂದನ್ನೊಂದು ಕೂಡಿ ಬಳೆಯಂತೆ ವೃತ್ತವೊಂದನ್ನು ರಚಿಸಿಕೊಂಡಿವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ೧೬೬೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ವಿವರಿಸಿದ್ದರಿಂದ ಅದಕ್ಕೆ ಇಂದಿಗೂ ವಿಲ್ಲಿಸ್ ವೃತ್ತವೆಂದೇ ಹೆಸರು. ಆ ಗ್ರಂಥಕ್ಕೆ ಚಿತ್ರಗಳನ್ನು ಬರೆದುಕೊಟ್ಟವರಲ್ಲಿ, ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ದೇವಾಲಯವನ್ನು ಕಟ್ಟಿದ ಕ್ರಿಸ್ಟಫರ್ ರೆನ್ ಕೂಡ ಒಬ್ಬನೆಂಬುದು ಸ್ವಾರಸ್ಯದ ಸಂಗತಿ. ಈ ವೃತ್ತದಲ್ಲಿ ನಾಳಗಳು ಕವಲೊಡೆಯುವ ಎಡೆಗಳಲ್ಲಿ ರಕ್ತದ ಹೊಡೆತ ಹೆಚ್ಚು. ಅಲ್ಲಿ ಗೋಡೆ ಸೊರಗಿದರೆ, ಸೈಕಲ್ಲಿನ ಹಳೆಯ ಟ್ಯೂಬು ಒಂದು ಕಡೆ ಉಬ್ಬಿಕೊಳ್ಳುವಂತೆ, ಗುಳ್ಳೆಯೇಳುತ್ತದೆ. ಇದನ್ನೇ ವೈದ್ಯರು ಅನ್ಯೂರಿಸಂ ಎನ್ನುವುದು. ವಯಸ್ಕರಲ್ಲಿ ೧೦೦ಕ್ಕೆ ಸುಮಾರು ೩ ಮಂದಿಯ ತಲೆಯಲ್ಲಿ ಇಂಥ ಗುಳ್ಳೆ ಇರುತ್ತದೆಯಂತೆ. ಬಹುಪಾಲು ಜನರಲ್ಲಿ ಅದು ಒಡೆಯುವುದೇ ಇಲ್ಲ. ಇದ್ದದ್ದೂ ತಿಳಿಯದೆ ಅವರು ಬಾಳಿ ಹೋಗುತ್ತಾರೆ. ಒಡೆದರೆ ಮಾತ್ರ ಅನಾಹುತ. ಸುಮಾರು ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಹಿಂದೆಂದೂ ಕಾಣದಂಥ ತಲೆನೋವು ಕ್ಷಣಮಾತ್ರದಲ್ಲಿ ಸಿಡಿಲಿನಂತೆ ಬಂದೆರಗಿದರೆ, ಕಷಾಯ ಕುಡಿಸುತ್ತ ಕೂಡದೆ ಆಸ್ಪತ್ರೆಗೆ ಓಡಬೇಕೆಂಬುದನ್ನು ಪ್ರತಿಯೊಂದು ಮನೆಯವರೂ ನೆನಪಿನಲ್ಲಿಡತಕ್ಕದ್ದು.

ಈ ಗುಳ್ಳೆಗೆ ಮೊದಲು ದೊರೆತ ಸರಿಯಾದ ಚಿಕಿತ್ಸೆ ಶಸ್ತ್ರಕ್ರಿಯೆ. ಅಮೆರಿಕದ ವಾಲ್ಟರ್ ಡ್ಯಾಂಡಿ ೧೯೩೭ರಲ್ಲಿ ತಲೆಬುರುಡೆಯನ್ನು ತೆರೆದು, ಗುಳ್ಳೆಯ ಕೊರಳಿಗೆ ಲೋಹದ ಪುಟ್ಟ ಕ್ಲಿಪ್ಪೊಂದನ್ನು ಹಾಕಿ ಬಿಗಿದ. ಕೊರಳೆಂದರೆ ಗುಳ್ಳೆಯು ಧಮನಿಗೆ ಅಂಟಿಕೊಂಡ ಜಾಗ, ಚೆಂಬಿಗೆ ಕಂಠವಿದ್ದಂತೆ. ಈ ಕ್ಲಿಪ್ಪು ಇಂದಿಗೂ ಒಳ್ಳೆಯ ಚಿಕಿತ್ಸೆಯೇ. ಆದರೆ ಬುರುಡೆಯನ್ನು ತೆರೆಯದೆ, ರಕ್ತನಾಳದ ಒಳದಾರಿಯಿಂದಲೇ ಗುಳ್ಳೆಯನ್ನು ತಲಪಲಾಗದೆ ಎಂಬ ಯೋಚನೆ ಹಲವರನ್ನು ಕಾಡಿತು. ಇಟಲಿಯ ನರಶಸ್ತ್ರವೈದ್ಯ ಗ್ವೀಡೊ ಗುಲ್ಯೆಲ್ಮಿ ಅವರಲ್ಲೊಬ್ಬರು. ಮೊಲದ ರಕ್ತನಾಳದಲ್ಲಿ ಅವರು ವಿದ್ಯುತ್ ಪ್ರಯೋಗ ಮಾಡುತ್ತಿದ್ದಾಗ ಉಕ್ಕಿನ ತಂತಿಯ ತುದಿ ತಾನಾಗಿಯೇ ಕರಗಿ ಕಳಚಿಕೊಂಡಿತು. ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಬದಿಗಿಡುತ್ತಿದ್ದರೇನೋ. ಗುಲ್ಯೆಲ್ಮಿ ಅದರಲ್ಲಿಯೇ ಉಪಾಯವನ್ನು ಕಂಡರು. ಮೃದುವಾದ ಪ್ಲಾಟಿನಂ ಸುರುಳಿಯನ್ನು ಉಕ್ಕಿನ ತಂತಿಯ ತುದಿಗೆ ಬೆಸೆದು ಗುಳ್ಳೆಯೊಳಗೆ ಇಳಿಬಿಡುವುದು. ಅದು ಸರಿಯಾಗಿ ಕುಳಿತಿತೆಂದು ಖಾತರಿಯಾದ ಮೇಲೆ ಅತ್ಯಲ್ಪ ವಿದ್ಯುತ್ತನ್ನು ಹರಿಸಿ ಬೆಸುಗೆಯನ್ನು ಕರಗಿಸುವುದು. ಪ್ಲಾಟಿನಂ ಒಳಗೆ ಉಳಿಯುತ್ತದೆ, ತಂತಿ ಹೊರಗೆ ಬರುತ್ತದೆ. ಕುಳಿತದ್ದು ಸರಿಯಿಲ್ಲವೆಂದು ತೋರಿದರೆ ಬೆಸುಗೆ ಬಿಡಿಸುವ ಮೊದಲೇ ಹಿಂದಕ್ಕೆ ಎಳೆದುಕೊಳ್ಳಬಹುದು. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ೧೯೯೦ರಲ್ಲಿ ಮನುಷ್ಯರಿಗೆ ಈ ಸುರುಳಿಯನ್ನು ಮೊದಲು ಬಳಸಿದರು. ೧೯೯೫ರಲ್ಲಿ ಅಮೆರಿಕದ ಸರಕಾರದ ಒಪ್ಪಿಗೆ ದೊರೆಯಿತು.

ತೊಡೆಯ ಸಂದಿನ ಧಮನಿಯಲ್ಲಿ, ಇಲ್ಲವೆ ಮಣಿಕಟ್ಟಿನ ಧಮನಿಯಲ್ಲಿ, ಒಂದು ಸಣ್ಣ ರಂಧ್ರ ಮಾಡಿ ನೂಲಿನಂಥ ನಳಿಗೆಯನ್ನು ತಲೆಯವರೆಗೂ ಏರಿಸಿ ಈ ಕೆಲಸ ಮಾಡುತ್ತಾರೆ. ಸುರುಳಿಯ ದಪ್ಪ ಕಾಲು ಮಿಲಿಮೀಟರಿನಷ್ಟು. ಒಂದರಮೇಲೊಂದರಂತೆ ತುಂಬುತ್ತ ಹೋದರೆ ಗುಳ್ಳೆಯೊಳಗೆ ದಾರದ ಉಂಡೆಯಂಥದೊಂದು ಸಿದ್ಧವಾಗುತ್ತದೆ.

ಇಲ್ಲಿಯೇ ನನಗೆ ಬಹಳ ಅಚ್ಚರಿಯೆನಿಸಿದ ಸಂಗತಿಯೊಂದಿದೆ. ಎಷ್ಟು ಬಿಗಿಯಾಗಿ ತುಂಬಿದರೂ ಪ್ಲಾಟಿನಂ ಆಕ್ರಮಿಸುವುದು ಗುಳ್ಳೆಯ ಒಳಜಾಗದಲ್ಲಿ ಕಾಲುಭಾಗ, ಹೆಚ್ಚೆಂದರೆ ಮೂರನೆಯ ಒಂದು ಭಾಗ. ಉಳಿದದ್ದೆಲ್ಲ ರೋಗಿಯ ಸ್ವಂತ ರಕ್ತವೇ! ಹಾಗಾದರೆ ಸುರುಳಿಗಳ ಕೆಲಸವೇನು? ನಮ್ಮ ಹಳ್ಳಿಗಳಲ್ಲಿ ಕಾಲುವೆಯ ಏರಿಯನ್ನು ನೀರು ಕೊರೆದಾಗ ರೈತನು ಮಾಡುವುದನ್ನು ನೆನೆದುಕೊಂಡರೆ ಇದು ಅರ್ಥವಾಗುತ್ತದೆ. ಆತ ಅಲ್ಲಿಗೆ ಮುಳ್ಳುಕಂಟಿಗಳನ್ನು ತಂದು ತುರುಕುತ್ತಾನೆ. ಮುಳ್ಳುಕಂಟಿ ನೀರನ್ನು ತಡೆದು ನಿಲ್ಲಿಸಲಾರದು. ಆದರೆ ನೀರಿನ ರಭಸವನ್ನು ಮುರಿಯುತ್ತದೆ. ರಭಸ ಕುಗ್ಗಿದಲ್ಲಿ ಹೂಳು ನಿಲ್ಲುತ್ತದೆ, ಹೂಳು ಗಟ್ಟಿಯಾಗುತ್ತದೆ, ಅದರ ಮೇಲೆ ಗರಿಕೆ ಹಬ್ಬಿ ಏರಿ ಮೊದಲಿನಂತಾಗುತ್ತದೆ. ಸುರುಳಿಗಳು ಮುಳ್ಳುಕಂಟಿ, ಅವುಗಳ ಸಂದಿನಲ್ಲಿ ನಿಂತು ಹೆಪ್ಪುಗಟ್ಟಿದ ರಕ್ತವೇ ಹೂಳು. ತಿಂಗಳುಗಳು ಉರುಳಿದಂತೆ ಆ ಹೆಪ್ಪು ನಾರುನಾರಾದ ಗಟ್ಟಿ ಅಂಗಾಂಶವಾಗಿ ಮಾರ್ಪಡುತ್ತದೆ. ಕೊನೆಗೆ ಕೊರಳಿನ ಬಾಯಿಗೆ ಅಡ್ಡಲಾಗಿ ಹೊಸ ಪೊರೆ ಬೆಳೆದು, ಧಮನಿಯ ಒಳಮೈ ಮತ್ತೆ ನುಣುಪಾದರೆ ಗರಿಕೆ ಹಬ್ಬಿದಂತಾಯಿತು. ವೈದ್ಯರು ಮಾಡುವುದು ಮೊದಲ ಅರ್ಧ ಕೆಲಸ. ಉಳಿದರ್ಧವನ್ನು ಶರೀರ ತಾನೇ, ಕತ್ತಲೆಯಲ್ಲಿ, ಯಾರಿಗೂ ತಿಳಿಸದೆ ಮಾಡಿಕೊಳ್ಳಬೇಕು. ಮಾಡಿಕೊಂಡಿತೇ ಇಲ್ಲವೇ ಎಂಬುದೇ ಅಕ್ಕನ ಪ್ರಶ್ನೆ.

ಅದನ್ನು ನೋಡುವ ಬಗೆ ಹೇಗೆ? ಕ್ಷಕಿರಣಕ್ಕೆ ರಕ್ತ ಬೇರೆಯಾಗಿ ಕಾಣುವುದಿಲ್ಲ. ಪೋರ್ಚುಗಲ್ಲಿನ ಎಗಾಸ್ ಮೋನಿಜ್ ೧೯೨೭ರಲ್ಲಿ ಲಿಸ್ಬನ್ ನಗರದಲ್ಲಿ, ಕ್ಷಕಿರಣವನ್ನು ತಡೆಯುವ ದ್ರವವೊಂದನ್ನು ಕತ್ತಿನ ಧಮನಿಗೆ ಚುಚ್ಚಿ, ಜೀವಂತ ಮನುಷ್ಯನ ಮೆದುಳಿನ ರಕ್ತನಾಳಗಳನ್ನು ಮೊದಲ ಬಾರಿಗೆ ಚಿತ್ರದಲ್ಲಿ ತೋರಿಸಿದ. ಇಂದಿನ ಆಂಜಿಯೋಗ್ರಾಂ ಅದರ ವಂಶದ ಕೂಸು. ಅದರಲ್ಲಿ ನಾಳಗಳು ಮಾಗಿಯ ಮರದ ಬರಿಯ ಕೊಂಬೆಗಳಂತೆ ಕಪ್ಪಗೆ ಕಾಣಿಸುತ್ತವೆ. ಆದರೆ ಗಮನಿಸಬೇಕಾದದ್ದು ಇದು: ಚಿತ್ರದಲ್ಲಿ ಕಾಣುವುದು ನಾಳದ ಗೋಡೆಯಲ್ಲ, ರಕ್ತ ಹರಿದ ದಾರಿ. ಆದುದರಿಂದ ಗುಳ್ಳೆ ಮುಚ್ಚಿತೆಂದು ತಿಳಿಯುವುದು, ಔಷಧದ್ರವ ಎಲ್ಲಿಗೆ ಹೋಗಲಿಲ್ಲ ಎಂಬುದನ್ನು ನೋಡಿ. ಇಲ್ಲದಿರುವುದೇ ಇಲ್ಲಿ ಶುಭಲಕ್ಷಣ.

ಚಿತ್ರವನ್ನು ಓದುವುದಕ್ಕೆ ವೈದ್ಯರು ಒಂದು ಕ್ರಮವನ್ನು ಇಟ್ಟುಕೊಂಡಿದ್ದಾರೆ. ೨೦೦೧ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್‌ನ ವೈದ್ಯರು ಪ್ರಕಟಿಸಿದ್ದು. ರೇಮಂಡ್–ರಾಯ್ ವರ್ಗೀಕರಣವೆಂದು ಇದಕ್ಕೆ ಹೆಸರು. ಗುಳ್ಳೆಯೊಳಕ್ಕೆ ದ್ರವ ಸ್ವಲ್ಪವೂ ಹೋಗದಿದ್ದರೆ ಒಂದನೆಯ ವರ್ಗ. ಕೊರಳಿನಲ್ಲಿ ಮಾತ್ರ ಸ್ವಲ್ಪ ಉಳಿದುಕೊಂಡರೆ ಎರಡನೆಯದು. ಗುಳ್ಳೆಯ ಹೊಟ್ಟೆಯೊಳಕ್ಕೇ ಇಳಿದರೆ ಮೂರನೆಯದು. ನಮ್ಮ ಭಾವನವರು ಮೂವತ್ತು ವರ್ಷ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು; ಎಲ್ಲಕ್ಕೂ ಕಡತ, ಎಲ್ಲಕ್ಕೂ ತಾರೀಖು. ೨೦೨೨ರ ಜುಲೈನಲ್ಲಿ, ಆರು ತಿಂಗಳು ತುಂಬಿದಾಗ, ಅಕ್ಕನಿಗೆ ಆಂಜಿಯೋಗ್ರಾಂ ತೆಗೆದರು. ಭಾವನವರು ಮಗನ ಪರೀಕ್ಷೆಯ ಫಲಿತಾಂಶಕ್ಕೆ ಕಾದಂತೆ ಹೊರಗೆ ಕಾದಿದ್ದರು. ಬಂದ ಉತ್ತರ ಎರಡನೆಯ ವರ್ಗ. ಕೊರಳಿನ ಬಳಿ ಎಳ್ಳಿನಷ್ಟು ಜಾಗದಲ್ಲಿ ರಕ್ತ ಇನ್ನೂ ಆಡುತ್ತಿತ್ತು.

ಆ ಎಳ್ಳಿನಷ್ಟು ಕಪ್ಪು ನಮ್ಮ ಮನೆಯಲ್ಲಿ ಎಬ್ಬಿಸಿದ ಕೋಲಾಹಲ ಅಷ್ಟಿಷ್ಟಲ್ಲ. ‘ಇನ್ನೊಂದು ಸುರುಳಿಯನ್ನು ಹಾಕಿ ಪೂರ್ತಿ ಮುಚ್ಚಿಬಿಡಲಿ’ ಎಂದರು ಭಾವನವರು. ‘ಮತ್ತೆ ಆ ಮೇಜಿನ ಮೇಲೆ ನಾನು ಮಲಗಲಾರೆ’ ಎಂದಳು ಅಕ್ಕ. ಚಿಕಿತ್ಸೆ ಮಾಡಿದ ವೈದ್ಯೆ ಇಬ್ಬರನ್ನೂ ಕೂಡಿಸಿಕೊಂಡು ಹೇಳಿದರು: ‘ನೋಡಿ ಅಮ್ಮ, ಉಳಿದಿರುವುದು ಬಹಳ ಸಣ್ಣದು. ಎಷ್ಟೋ ಸಲ ಇಂಥದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕೆಲವು ಸಲ ದೊಡ್ಡದಾಗುತ್ತದೆ. ಯಾವುದೆಂದು ಇವತ್ತಿನ ಚಿತ್ರ ಹೇಳಲಾರದು. ಇವತ್ತಿನದನ್ನೂ ಮುಂದಿನದನ್ನೂ ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ. ಮತ್ತೆ ಸುರುಳಿ ಹಾಕುವುದರಲ್ಲೂ ಅಪಾಯವಿದೆ, ಕಾಯುವುದರಲ್ಲೂ ಇದೆ. ಈಗ ಕಾಯುವುದರಲ್ಲಿ ಕಡಿಮೆ ಎಂದು ನನ್ನ ಅಭಿಪ್ರಾಯ.’ ವಿಷಯವನ್ನು ಮುಚ್ಚಿಡದೆ, ಹಗುರವೂ ಮಾಡದೆ ಆಡಿದ ಆ ಮಾತು ಅಕ್ಕನಿಗೆ ಹಿಡಿಸಿತು. ಕಾಯುವುದೆಂದು ತೀರ್ಮಾನವಾಯಿತು.

ಕಾಯುವುದರ ಹಿಂದಿನ ಲೆಕ್ಕವನ್ನೂ ಹೇಳಬೇಕು. ಸುರುಳಿಗಳು ರಕ್ತದ ಬಡಿತಕ್ಕೆ ಸಿಕ್ಕಿ ಕಾಲಕ್ರಮದಲ್ಲಿ ಒತ್ತಿಕೊಂಡು ಕುಗ್ಗುವುದುಂಟು; ಹೊಸ ಹಾಸಿಗೆಯ ಹತ್ತಿ ದಿನಕಳೆದಂತೆ ಜಗ್ಗುವುದಿಲ್ಲವೆ, ಹಾಗೆ. ಕೆಲವೊಮ್ಮೆ ಗುಳ್ಳೆಯೇ ಮತ್ತೆ ಬೆಳೆಯುತ್ತದೆ. ಸುರುಳಿ ತುಂಬಿದ ಗುಳ್ಳೆಗಳಲ್ಲಿ ಸುಮಾರು ಐದರಲ್ಲಿ ಒಂದು ಸ್ವಲ್ಪಮಟ್ಟಿಗೆ ಮರಳಿ ತೆರೆದುಕೊಳ್ಳುತ್ತದೆ. ಸುಮಾರು ಹತ್ತರಲ್ಲಿ ಒಂದಕ್ಕೆ ಮತ್ತೆ ಚಿಕಿತ್ಸೆ ಬೇಕಾಗುತ್ತದೆ. ಆದರೆ ಮತ್ತೆ ಒಡೆಯುವುದು ವಿರಳ. ಬ್ರಿಟನ್ನಿನಿಂದ ನಡೆದ ದೊಡ್ಡ ಪರೀಕ್ಷೆಯೊಂದರಲ್ಲಿ, ಎರಡು ಚಿಕಿತ್ಸೆಗಳಲ್ಲಿ ಯಾವುದಕ್ಕಾದರೂ ಒಪ್ಪುವಂಥ ೨,೧೪೩ ರೋಗಿಗಳನ್ನು ಸೇರಿಸಿಕೊಂಡಿದ್ದರು. ೨೦೦೨ರಲ್ಲಿ ಅದರ ಫಲಿತಾಂಶ ಹೊರಬಂತು. ಒಂದು ವರ್ಷದ ಕೊನೆಗೆ ತೀರಿಕೊಂಡವರು ಅಥವಾ ಪರಾಧೀನರಾದವರು ಸುರುಳಿಯ ಗುಂಪಿನಲ್ಲಿ ೧೦೦ಕ್ಕೆ ಸುಮಾರು ೨೪, ಕ್ಲಿಪ್ಪಿನ ಗುಂಪಿನಲ್ಲಿ ಸುಮಾರು ೩೧. ಸುರುಳಿ ಲೋಕದಲ್ಲೆಲ್ಲ ಹರಡಿದ್ದು ಆ ಬಳಿಕ. ಆದರೂ ಮರಳಿ ತೆರೆದುಕೊಳ್ಳುವ ವಿಷಯದಲ್ಲಿ ಕ್ಲಿಪ್ಪೇ ಮೇಲು. ಅದಕ್ಕಾಗಿಯೇ ಸುರುಳಿ ಹಾಕಿಸಿಕೊಂಡವರು ಚೆನ್ನಾಗಿದ್ದರೂ ಮತ್ತೆ ಮತ್ತೆ ಚಿತ್ರ ತೆಗೆಸಿಕೊಳ್ಳಬೇಕಾದದ್ದು.

೨೦೨೩ರ ಜನವರಿಯಲ್ಲಿ ಎಂ.ಆರ್.ಐ. ಯಂತ್ರದಲ್ಲಿ ನೋಡಿದರು. ‘ತಲೆಯೊಳಗೆ ಲೋಹವಿದೆ, ಅಯಸ್ಕಾಂತದ ಯಂತ್ರ ಅದನ್ನು ಕಿತ್ತುಕೊಂಡರೆ?’ ಎಂದು ಅಕ್ಕ ಕೇಳಿದ್ದು ನ್ಯಾಯವಾಗಿಯೇ ಇತ್ತು. ಪ್ಲಾಟಿನಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲವಾದ್ದರಿಂದ ಆ ಭಯವಿಲ್ಲ. ಈ ವಿಧಾನದಲ್ಲಿ ನಳಿಗೆಯಿಲ್ಲ, ಕ್ಷಕಿರಣವಿಲ್ಲ. ಹರಿಯುವ ರಕ್ತ ಬೆಳ್ಳಗೂ ನಿಂತದ್ದು ಕಪ್ಪಾಗಿಯೂ ಕಾಣುತ್ತದೆ. ಹೊಸದಾಗಿ ಹೆಪ್ಪುಗಟ್ಟಿದ ರಕ್ತವೂ ಒಮ್ಮೊಮ್ಮೆ ಬೆಳ್ಳಗೆ ಕಂಡು ಮೋಸಮಾಡುವುದುಂಟು. ಆದಕಾರಣ ಅನುಭವವುಳ್ಳ ಕಣ್ಣು ಬೇಕು. ಸಿ.ಟಿ. ಯಂತ್ರದಲ್ಲಾದರೋ ಪ್ಲಾಟಿನಂನಿಂದ ಗೆರೆಗೆರೆಯಾಗಿ ಪ್ರಖರ ಹೊಳಪು ಹರಡಿ, ಪಕ್ಕದಲ್ಲಿರುವುದನ್ನೆಲ್ಲ ಮರೆಮಾಡುತ್ತದೆ. ಎಳ್ಳು ಬೆಳೆದಿಲ್ಲ ಎಂಬಷ್ಟು ಮಾತ್ರ ಅಂದು ತಿಳಿಯಿತು.

೨೦೨೩ರ ಜುಲೈನಲ್ಲಿ, ಹದಿನೆಂಟು ತಿಂಗಳಾದಾಗ, ಮತ್ತೆ ಆಂಜಿಯೋಗ್ರಾಂ. ವೈದ್ಯೆ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನಮ್ಮನ್ನು ಕರೆದರು. ಹಳೆಯದರಲ್ಲಿ ಧಮನಿಯ ಕಪ್ಪು ಸುರುಳಿಯುಂಡೆಯ ಕಪ್ಪಿಗೆ ಒಂದೆಡೆ ಅಂಟಿಕೊಂಡಿತ್ತು. ಹೊಸದರಲ್ಲಿ ಎರಡು ಕಪ್ಪುಗಳ ನಡುವೆ, ಕೊರಳಿನ ಉದ್ದಕ್ಕೂ, ಸಣ್ಣದೊಂದು ಬಿಳಿಯ ಗೆರೆ! ‘ಇದಕ್ಕೆ ನಾವು ಬಿಳಿಯ ಕಾಲರು ಎನ್ನುತ್ತೇವೆ’ ಎಂದರು ವೈದ್ಯೆ. ಸುರುಳಿಯೂ ಕ್ಷಕಿರಣವನ್ನು ತಡೆಯುತ್ತದೆ, ಔಷಧದ್ರವವೂ ತಡೆಯುತ್ತದೆ, ಎರಡೂ ಕಪ್ಪು. ನಡುವೆ ಬೆಳ್ಳಗೆ ಕಾಣುವುದು ಕೊರಳಿಗೆ ಅಡ್ಡಲಾಗಿ ಶರೀರ ನೆಯ್ದುಕೊಂಡ ಹೊಸ ಅಂಗಾಂಶ. ಅದು ಕ್ಷಕಿರಣವನ್ನು ತಡೆಯದು. ತನ್ನ ಇರವನ್ನು ಬಿಳುಪಿನಿಂದಲೇ ಸಾರುತ್ತದೆ. ಭಾವನವರು ಕನ್ನಡಕವನ್ನು ಒರೆಸಿಕೊಂಡು ಮತ್ತೆ ನೋಡಿದರು. ‘ಮೂವತ್ತು ವರ್ಷ ಬಿಳಿ ಕಾಲರಿನ ಕೆಲಸ ಮಾಡಿದೆ. ಅದರ ಬೆಲೆ ಇವತ್ತು ಗೊತ್ತಾಯಿತು’ ಎಂದರು. ವೈದ್ಯೆಯೂ ನಕ್ಕರು. ಅಕ್ಕ ಮಾತ್ರ ನಗದೆ ಕೇಳಿದಳು: ‘ಹಾಗಾದರೆ ಪೂರ್ತಿ ವಾಸಿಯಾಯಿತೇ, ಡಾಕ್ಟರೇ?’

ಆ ಪ್ರಶ್ನೆಗೆ ‘ಹೌದು’ ಎಂದುಬಿಡುವುದು ಸುಲಭವಾಗಿತ್ತು. ಅವರು ಹಾಗೆನ್ನಲಿಲ್ಲ. ಗೆರೆ ಕಂಡದ್ದು ಬಹಳ ಒಳ್ಳೆಯ ಲಕ್ಷಣ, ಆದರೆ ಚಿತ್ರದಲ್ಲಿ ಜೀವಕೋಶಗಳು ಕಾಣುವುದಿಲ್ಲ ಎಂದರು. ಕೊರಳನ್ನು ಮುಚ್ಚಬೇಕಾದ ನುಣುಪಾದ ಒಳಪೊರೆ ಒಂದೇ ಒಂದು ಕೋಶದಷ್ಟು ತೆಳುವಾದದ್ದು. ಅದನ್ನು ಕಾಣುವ ಶಕ್ತಿ ಈ ಯಂತ್ರಗಳಿಗಿಲ್ಲ. ಗೆರೆಯಾಗಿ ಕಾಣುವಷ್ಟು ದಪ್ಪವಾಗಿ ಅಂಗಾಂಶ ಬೆಳೆದಿದ್ದರೆ ಮಾತ್ರ ಕಾಲರು ಕಾಣಿಸೀತು. ಬೇರೆ ಕಾರಣಗಳಿಂದ ತೀರಿಕೊಂಡವರ ಗುಳ್ಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದವರು, ಕಿರಿದಾದ ಕೊರಳು ಮುಚ್ಚಿರುವುದನ್ನೂ, ಅಗಲವಾದ ಕೊರಳಿನಲ್ಲಿ ಎಷ್ಟೋ ಸಲ ಬಿರುಕು ಉಳಿದಿರುವುದನ್ನೂ ಕಂಡಿದ್ದಾರೆ. ಆದುದರಿಂದ ಕಾಲರು ಕಾಣದವರು ವಾಸಿಯಾಗಿಲ್ಲವೆಂದು ತಿಳಿಯಬೇಕಾಗಿಲ್ಲ. ರಕ್ತ ಒಳಕ್ಕೆ ಹೋಗುತ್ತಿಲ್ಲ, ಉಂಡೆಯ ಆಕಾರ ಬದಲಾಗಿಲ್ಲ ಎಂಬಷ್ಟೇ ಸಾಕು. ಕಂಡವರೂ ಮುಂದಿನ ತಪಾಸಣೆಯನ್ನು ಬಿಡುವಂತಿಲ್ಲ. ‘ಈವತ್ತಿನ ಮಟ್ಟಿಗೆ ನಾನು ಬಯಸಿದ್ದಕ್ಕಿಂತ ಚೆನ್ನಾಗಿದೆ. ಹೂ ಕೊಯ್ಯಿರಿ, ರಂಗೋಲಿ ಹಾಕಿ, ಊರಿಗೆ ಹೋಗಿಬನ್ನಿ. ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ’ ಎಂದು ಮಾತು ಮುಗಿಸಿದರು.

ಅಕ್ಕನ ಭಯ ಅಂದೇ ಮಾಯವಾಯಿತೆಂದರೆ ಸುಳ್ಳಾದೀತು. ಅದೂ ಗಾಯದ ಹಾಗೆಯೇ ದಿನದಿನಕ್ಕೂ ತುಸುತುಸುವಾಗಿ ಮಾಯಿತು. ಆದರೆ ಅವಳ ಮಾತಿನ ಧಾಟಿ ಬದಲಾಯಿತು. ‘ಒಳಗೆ ಏನಾಗಿದೆಯೋ’ ಎನ್ನುತ್ತಿದ್ದವಳು ‘ಒಳಗೆ ಕೆಲಸ ನಡೆಯುತ್ತಿದೆ’ ಎನ್ನತೊಡಗಿದಳು.

ನಾವು ಸಂಸಾರಸ್ಥರು ವೈದ್ಯರಿಂದ ಬಯಸುವುದು ಒಂದೇ ಒಂದು ಶಬ್ದ: ‘ಪೂರ್ತಿ’. ಆ ಶಬ್ದ ಸಿಕ್ಕದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆಂದು ಸಂಶಯಪಡುತ್ತೇವೆ. ಸಿಕ್ಕಿದರೆ ಕಡತವನ್ನು ಅಟ್ಟಕ್ಕೆಸೆದು ನಿಶ್ಚಿಂತರಾಗುತ್ತೇವೆ. ಎರಡೂ ಅಪಾಯವೇ. ಸುರುಳಿ ಹಾಕಿಸಿಕೊಂಡು ಲವಲವಿಕೆಯಿಂದ ಓಡಾಡುತ್ತಿರುವವರಿಗೆ ಮುಂದಿನ ಚಿತ್ರ ಅನಾವಶ್ಯಕ ಖರ್ಚೆಂದು ತೋರುವುದು ಸಹಜ. ಆದರೆ ಈ ರೋಗದಲ್ಲಿ ಮೈ ಹಗುರವಾಗಿರುವುದು ಗುಳ್ಳೆ ಮುಚ್ಚಿದೆಯೆಂಬುದಕ್ಕೆ ಸಾಕ್ಷಿಯಲ್ಲ; ಒಡೆಯುವ ಹಿಂದಿನ ದಿನವೂ ಮೈ ಹಗುರವಾಗಿಯೇ ಇತ್ತಲ್ಲವೆ? ಹೇಳಿದ ತಿಂಗಳಿಗೆ ಹೋಗಿ ಚಿತ್ರ ತೆಗೆಸುವುದು, ಹಳೆಯ ಚಿತ್ರಗಳನ್ನು ಜೋಪಾನವಾಗಿಟ್ಟು ಜೊತೆಯಲ್ಲಿ ಒಯ್ಯುವುದು, ಹೊಗೆಸೊಪ್ಪನ್ನು ಬಿಡುವುದು, ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಇವಿಷ್ಟು ನಮ್ಮ ಪಾಲಿನ ಕೆಲಸ. ಹೆತ್ತವರು ಒಡಹುಟ್ಟಿದವರಲ್ಲಿ ಇಬ್ಬರಿಗೆ ಈ ಗುಳ್ಳೆ ಕಂಡುಬಂದಿದ್ದರೆ, ಉಳಿದವರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಇಷ್ಟನ್ನು ಮಾಡಿದ ಮೇಲೆ ಮಿಕ್ಕದ್ದನ್ನು ಶರೀರಕ್ಕೆ ಬಿಡಬಹುದು. ಅದಕ್ಕೆ ತನ್ನ ಕಸುಬು ಗೊತ್ತು. ಮುಳ್ಳುಕಂಟಿಯನ್ನು ತುರುಕಿದ ರೈತ ಏರಿಯ ಮೇಲೆಯೇ ಹಗಲಿರುಳೂ ಕಾವಲು ಕೂಡುವುದಿಲ್ಲ. ಮನೆಗೆ ಹೋಗಿ ಉಂಡು ಮಲಗುತ್ತಾನೆ. ಆದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ ತಪ್ಪದೆ ಹೋಗಿ, ಗರಿಕೆ ಎಲ್ಲಿಯವರೆಗೆ ಹಬ್ಬಿದೆಯೆಂದು ನೋಡಿಕೊಂಡು ಬರುತ್ತಾನೆ.